ತಂದೆಗೆ ಔಷಧ, ಮಗಳಿಗೆ ಅಪವಾದ

ದಾನವು ಆಹಾರ, ಔಷಧ, ಶಾಸ್ತ್ರ, ಅಭಯವೆಂದು ನಾಲ್ಕು ವಿಧ. ಪಾಠಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಂದು ಜೈನ ಮಗುವೂ ಇದನ್ನು ಬೆರಳು ಮಡಿಸಿ ಎಣಿಸಿ ಕಲಿತಿರುತ್ತದೆ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಔಷಧ ದಾನಕ್ಕೆ ದೃಷ್ಟಾಂತವಾಗಿ ಹೆಸರಿಸಿರುವುದು ಅರಸನನ್ನಲ್ಲ, ವೈದ್ಯನನ್ನೂ ಅಲ್ಲ, ವೃಷಭಸೇನೆಯೆಂಬ ಒಬ್ಬ ಹೆಣ್ಣುಮಗಳನ್ನು. ಕಥಾಪರಂಪರೆಯಲ್ಲಿ ಆಕೆ ಒಬ್ಬ ಶ್ರೇಷ್ಠಿಯ ಪುತ್ರಿ. ಔಷಧ ದಾನದ ಆದರ್ಶವಾಗಿ ವರ್ತಕನ ಮಗಳನ್ನು ನಿಲ್ಲಿಸಿದ ಸಮಾಜದಲ್ಲಿ, ಇಂದು ವರ್ತಕರ ಹೆಣ್ಣುಮಕ್ಕಳೇ ತಮಗೆ ವೈದ್ಯರು ಬರೆದುಕೊಟ್ಟ ಔಷಧವನ್ನು ಬಚ್ಚಿಟ್ಟು ನುಂಗಬೇಕಾಗಿದೆ, ಇಲ್ಲವೇ ನುಂಗದೆ ಬಿಡಬೇಕಾಗಿದೆ. ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಬೇರೆ ಬೇಕಿಲ್ಲ.

ಚಿತ್ರದುರ್ಗದ ಪೇಟೆಯಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಾಗಲಿ ಒಂದು ವ್ಯಾಪಾರಸ್ಥ ಜೈನ ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮನೆಯ ಯಜಮಾನರಿಗೆ ಐವತ್ತೈದು ದಾಟಿದೆ, ಮಧುಮೇಹವಿದೆ. ಬೆಳಗಿನ ಪೂಜೆ ಮುಗಿಸಿ ಉಪಾಹಾರಕ್ಕೆ ಕುಳಿತಾಗ ಅವರ ತಟ್ಟೆಯ ಪಕ್ಕದಲ್ಲಿ ಒಂದು ಲೋಟ ನೀರೂ ಒಂದು ಬಿಳಿಯ ಮಾತ್ರೆಯೂ ಸಿದ್ಧವಾಗಿರುತ್ತವೆ. ಅವನ್ನು ತಪ್ಪದೆ ತಂದಿಡುವವಳು ಇಪ್ಪತ್ತೊಂದು ವರ್ಷದ ಮಗಳು. ಆ ಮಗಳಿಗೆ ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ. ಗಲ್ಲದ ಮೇಲೆ ಕೂದಲು, ಕತ್ತಿನ ಹಿಂಭಾಗದಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿ.ಸಿ.ಒ.ಎಸ್., ಎಂದು ನಿರ್ಣಯಿಸಿ ಮೆಟ್‌ಫಾರ್ಮಿನ್ ಎಂಬ ಮಾತ್ರೆಯನ್ನು ಬರೆದುಕೊಡುತ್ತಾರೆ. ತಂದೆಯ ತಟ್ಟೆಯ ಪಕ್ಕದಲ್ಲಿರುವುದೂ ಅದೇ ಮೆಟ್‌ಫಾರ್ಮಿನ್.

ಆಗ ಮನೆಯಲ್ಲಿ ಸಭೆ ಸೇರುತ್ತದೆ. “ಇದು ಇನ್ಸುಲಿನ್ನಿಗೆ ಸಂಬಂಧಿಸಿದ ಮಾತ್ರೆಯಂತೆ, ಪ್ರಾಣಿಯ ಅಂಶವಿರುತ್ತದೆ” ಎಂದು ಒಬ್ಬ ಹಿರಿಯರು ಹೇಳುತ್ತಾರೆ. “ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಏಕಾಶನ ಮಾಡಲಿ, ತಾನೇ ಸರಿಹೋಗುತ್ತದೆ” ಎನ್ನುತ್ತಾರೆ ಇನ್ನೊಬ್ಬರು. “ವರನ ಕಡೆಯವರ ಕಿವಿಗೆ ಬಿದ್ದರೆ ಸಕ್ಕರೆ ಕಾಯಿಲೆಯ ಹುಡುಗಿ ಎಂದಾರು” ಎಂದು ಮೂರನೆಯವರು ದನಿ ತಗ್ಗಿಸಿ ನುಡಿಯುತ್ತಾರೆ. ಮಗಳ ಮಾತ್ರೆ ನಿಲ್ಲುತ್ತದೆ. ತಂದೆಯ ಮಾತ್ರೆ ನಿಲ್ಲುವುದಿಲ್ಲ. ಒಂದೇ ಅಂಗಡಿಯಿಂದ ಬಂದ ಒಂದೇ ಸರಕು ಒಂದು ಖಾತೆಯಲ್ಲಿ ಧರ್ಮಸಮ್ಮತವೆಂದೂ ಇನ್ನೊಂದು ಖಾತೆಯಲ್ಲಿ ಧರ್ಮವಿರುದ್ಧವೆಂದೂ ದಾಖಲಾಗುತ್ತದೆ. ಅಂಗಡಿಯ ಲೆಕ್ಕದಲ್ಲಿ ಹೀಗೆ ಬರೆದ ಗುಮಾಸ್ತನನ್ನು ಯಾವ ವರ್ತಕನೂ ಮರುದಿನ ಗಲ್ಲದ ಬಳಿ ಕೂರಗೊಡನು. ಮನೆಯ ಲೆಕ್ಕದಲ್ಲಿ ಮಾತ್ರ ಇದನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. 1935ರಲ್ಲಿ ಅಮೆರಿಕದ ಶಿಕಾಗೊ ನಗರದ ಸ್ಟೀನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು ಇದನ್ನು ವಿವರವಾಗಿ ವರ್ಣಿಸಿದ್ದರಿಂದ ಬಹುಕಾಲ ಇದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ಅಂಡಾಶಯದಲ್ಲಿ ಗುಳ್ಳೆಗಳೆಂದು ಕೇಳಿದೊಡನೆ ಜನ ಗಡ್ಡೆಯೆಂದು ಹೆದರುತ್ತಾರೆ. ಅವು ಗಡ್ಡೆಗಳಲ್ಲ, ಪಕ್ವವಾಗದೆ ಅರ್ಧದಲ್ಲಿಯೇ ನಿಂತ ಅಂಡಕೋಶಗಳು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣಗಳನ್ನು ಗೊತ್ತುಮಾಡಿದರು: ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಆಧಿಕ್ಯ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಗುಳ್ಳೆಗಳು. ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಇವುಗಳಲ್ಲಿ ಎರಡಿದ್ದರೆ ರೋಗವಿದೆಯೆಂದು ನಿರ್ಣಯ. ಸಂತಾನವಯಸ್ಸಿನ ಸುಮಾರು ಹತ್ತು ಮಂದಿ ಸ್ತ್ರೀಯರಲ್ಲಿ ಒಬ್ಬರಿಗೆ ಇದು ಇರುತ್ತದೆ, ಅವರಲ್ಲಿ ಬಹುಮಂದಿಗೆ ತಮಗಿರುವುದೇ ತಿಳಿದಿರುವುದಿಲ್ಲ. ಆದುದರಿಂದ ನೂರು ಮನೆಗಳ ಸಮಾಜದಲ್ಲಿ ಇದು ಇಲ್ಲವೆನ್ನುವವರು ಇಲ್ಲದಿರುವುದನ್ನು ಹೇಳುತ್ತಿಲ್ಲ, ಕಾಣದಿರುವುದನ್ನು ಹೇಳುತ್ತಿದ್ದಾರೆ.

ಇನ್ಸುಲಿನ್ನಿಗೂ ಇದಕ್ಕೂ ಏನು ಸಂಬಂಧ? ಊಟದ ಸಕ್ಕರೆಯನ್ನು ರಕ್ತದಿಂದ ಅಂಗಾಂಶಗಳಿಗೆ ಸೇರಿಸುವ ಹಾರ್ಮೋನು ಇನ್ಸುಲಿನ್. ಈ ರೋಗವುಳ್ಳ ಅನೇಕ ಸ್ತ್ರೀಯರಲ್ಲಿ ಶರೀರವು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಕೇಳದ ಕಿವಿಗೆ ಗಟ್ಟಿಯಾಗಿ ಕೂಗಿದಂತೆ ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಹೀಗೆ ಅತಿಯಾದ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ. ಅಂಡ ಪಕ್ವವಾಗುವುದಿಲ್ಲ, ಮುಟ್ಟು ತಪ್ಪುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ, ಕತ್ತು ಕಪ್ಪಾಗುತ್ತದೆ. ತಾಯಂದಿರು ಕೊಳೆಯೆಂದು ಬಗೆದು ಕಡಲೆಹಿಟ್ಟು ಹಚ್ಚಿ ಉಜ್ಜುವ ಆ ಕಪ್ಪು ಕೊಳೆಯಲ್ಲ, ಒಳಗಿನ ಏರುಪೇರಿನ ಹೊರಗಿನ ಗುರುತು. ಮೆಟ್‌ಫಾರ್ಮಿನ್ ಶರೀರಕ್ಕೆ ಇನ್ಸುಲಿನ್ನನ್ನು ಕೊಡುವುದಿಲ್ಲ. ಯಕೃತ್ತು ಅನಗತ್ಯವಾಗಿ ಸಕ್ಕರೆ ಸುರಿಯುವುದನ್ನು ತಗ್ಗಿಸಿ, ಇರುವ ಇನ್ಸುಲಿನ್ನಿನ ಮಾತನ್ನು ಶರೀರವು ಕೇಳುವಂತೆ ಮಾಡುತ್ತದೆ. ಇನ್ಸುಲಿನ್ನಿನ ಮಟ್ಟ ಇಳಿದಂತೆ ಅಂಡಾಶಯದ ಮೇಲಿನ ಒತ್ತಡವೂ ಇಳಿಯುತ್ತದೆ. 1994ರಲ್ಲಿ ವೆನೆಜುವೆಲಾದ ವೈದ್ಯರು ಈ ರೋಗದಲ್ಲಿ ಇದನ್ನು ಪ್ರಯೋಗಿಸಿದ ವರದಿಯನ್ನು ಪ್ರಕಟಿಸಿದ ತರುವಾಯ ಇದರ ಬಳಕೆ ಜಗತ್ತಿನಾದ್ಯಂತ ಹಬ್ಬಿತು.

ಈಗ ಆಕ್ಷೇಪಗಳನ್ನು ಒಂದೊಂದಾಗಿ ತೂಕಕ್ಕೆ ಇಡಬೇಕು.

ಮೊದಲನೆಯದು ಹಿಂಸೆಯ ಆಕ್ಷೇಪ. ಇದು ಗೌರವಯುತವಾದ ಆಕ್ಷೇಪ, ಇದನ್ನು ನಗೆಯಾಡಿ ತಳ್ಳುವಂತಿಲ್ಲ. ಇನ್ಸುಲಿನ್ ಎಂಬ ಹೆಸರು ಕೇಳಿದೊಡನೆ ಹಿರಿಯರು ಬೆಚ್ಚುವುದಕ್ಕೆ ಕಾರಣವಿದೆ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದಂದಿನಿಂದ ಹಲವು ದಶಕಗಳ ಕಾಲ ಅದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಗಳಿಂದಲೇ ಬರುತ್ತಿತ್ತು. ಒಂದು ಪೌಂಡ್ ಇನ್ಸುಲಿನ್ನಿಗೆ ಸಾವಿರಾರು ಪೌಂಡ್ ಗ್ರಂಥಿ ಬೇಕಾಗುತ್ತಿತ್ತು. ಆ ಕಾಲದಲ್ಲಿ ಜೈನ ರೋಗಿಗಳ ಮನಸ್ಸು ಎಷ್ಟು ಕುದಿದಿರಬೇಕೆಂಬುದನ್ನು ಊಹಿಸಬಹುದು. ಆದರೆ 1978ರಲ್ಲಿ ಮಾನವ ಇನ್ಸುಲಿನ್ನನ್ನು ಬ್ಯಾಕ್ಟೀರಿಯದ ಮೂಲಕ ತಯಾರಿಸುವ ಮಾರ್ಗ ದೊರೆಯಿತು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮೋದನೆ ಸಿಕ್ಕಿತು. ಇಂದು ಬಳಕೆಯಲ್ಲಿರುವ ಇನ್ಸುಲಿನ್ನಿನ ಬಹುಭಾಗ ಕಸಾಯಿಖಾನೆಯಿಂದ ಬಂದುದಲ್ಲ.

ಮೆಟ್‌ಫಾರ್ಮಿನ್ ಆದರೋ ಎಂದೂ ಅಲ್ಲಿಂದ ಬಂದುದಲ್ಲ. ಅದು ಇನ್ಸುಲಿನ್ನೇ ಅಲ್ಲ. ಅದರ ವಂಶಾವಳಿ ಒಂದು ಸಸ್ಯಕ್ಕೆ ಹೋಗಿ ಮುಟ್ಟುತ್ತದೆ. ಯುರೋಪಿನ ಹಳ್ಳಿಗಳಲ್ಲಿ ಗ್ಯಾಲೆಗಾ ಎಂಬ, ನೇರಿಳೆ ಹೂ ಬಿಡುವ, ದ್ವಿದಳ ಜಾತಿಯ ಗಿಡವನ್ನು ಬಹುಕಾಲದಿಂದ ಔಷಧವಾಗಿ ಬಳಸುತ್ತಿದ್ದರು. ಅದರಲ್ಲಿದ್ದ ಸಕ್ಕರೆ ಇಳಿಸುವ ಸಾರದ ಜಾಡು ಹಿಡಿದು ಹೋದ ರಸಾಯನಶಾಸ್ತ್ರವು ಮುಂದೆ ಅದೇ ಕುಲದ ಸಂಯುಕ್ತಗಳತ್ತ ಗಮನ ಹರಿಸಿತು. 1922ರಲ್ಲಿ ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಎಂಬವರು ಮೆಟ್‌ಫಾರ್ಮಿನ್ ಸಂಯುಕ್ತವನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದರು. 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಎಂಬ ವೈದ್ಯರು ಮಧುಮೇಹದಲ್ಲಿ ಅದರ ಗುಣವನ್ನು ಪ್ರಕಟಿಸಿದರು. ಇಂದಿಗೂ ಅದು ಕಾರ್ಖಾನೆಯಲ್ಲಿ ರಾಸಾಯನಿಕ ಮೂಲದ್ರವ್ಯಗಳಿಂದಲೇ ತಯಾರಾಗುತ್ತದೆ. ಇದನ್ನು ಪ್ರಾಣಿಜನ್ಯವೆನ್ನುವುದು ಶೇಂಗಾ ಎಣ್ಣೆಯನ್ನು ತುಪ್ಪವೆಂದು ಬಿಲ್ಲು ಹಾಕಿದಷ್ಟೇ ಸತ್ಯ.

ಮೂಲದ್ರವ್ಯ ನಿರ್ದೋಷವಾದರೂ ಮಾತ್ರೆಯ ಹೊದಿಕೆ, ಅಂಟುಗಳ ವಿಷಯವೇನು ಎಂದು ಸೂಕ್ಷ್ಮದೃಷ್ಟಿಯ ಶ್ರಾವಕರು ಕೇಳಬಹುದು. ಕೇಳಲೇಬೇಕು. ಕ್ಯಾಪ್ಸೂಲುಗಳ ಕವಚದಲ್ಲಿ ಬಳಸುವ ಜೆಲಾಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ಬರುತ್ತದೆ. ಮಾತ್ರೆಗಳಲ್ಲಿ ಸೇರಿಸುವ ಮೆಗ್ನೀಸಿಯಂ ಸ್ಟಿಯರೇಟ್ ಸಸ್ಯಮೂಲದ್ದೂ ಇರಬಹುದು, ಪ್ರಾಣಿಮೂಲದ್ದೂ ಇರಬಹುದು. ಔಷಧಗಳ ಮೇಲೆ ಸಸ್ಯಾಹಾರ ಮಾಂಸಾಹಾರಗಳ ಗುರುತು ಇರಬೇಕೆಂಬ ವಾದವನ್ನು ದೆಹಲಿ ಉಚ್ಚ ನ್ಯಾಯಾಲಯವು 2002ರಲ್ಲಿ, ಜೀವರಕ್ಷಕ ಔಷಧಗಳನ್ನು ಹೊರತುಪಡಿಸಿ, ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟು 2013ರಲ್ಲಿ ಆ ತೀರ್ಪನ್ನು ಬದಿಗಿರಿಸಿತು. ಆದುದರಿಂದ ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳುವಂತೆ ಔಷಧವನ್ನು ಕೊಳ್ಳಲಾಗುವುದಿಲ್ಲ. ಆದರೆ ಇದಕ್ಕೆ ಪರಿಹಾರ ಔಷಧ ತ್ಯಾಗವಲ್ಲ, ವಿಚಾರಣೆ. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಜೆಲಾಟಿನ್ ಕವಚದ ಕ್ಯಾಪ್ಸೂಲಾಗಿ ಅಲ್ಲ, ಮಾತ್ರೆಯಾಗಿಯೇ ದೊರೆಯುತ್ತದೆ. ಅನೇಕ ಕಂಪನಿಗಳು ಇದನ್ನು ತಯಾರಿಸುತ್ತವೆ. ಒಂದು ಕಂಪನಿಯ ಅಂಟು ಸಂದೇಹಾಸ್ಪದವಾದರೆ ಪತ್ರ ಬರೆದು ಕೇಳಿ, ಸಸ್ಯಮೂಲವೆಂದು ಲಿಖಿತ ಉತ್ತರ ಕೊಟ್ಟ ಇನ್ನೊಂದನ್ನು ಆಯಬಹುದು. ಅಡಕೆಯ ಒಂದು ಚೀಲ ಕೊಳ್ಳುವ ಮೊದಲು ಹತ್ತು ಕಡೆ ಕೈಹಾಕಿ ನೋಡುವವರು ಮಗಳ ಔಷಧದ ವಿಷಯದಲ್ಲಿ ಒಂದು ಅಂಚೆ ಕಾಗದ ಬರೆಯದೆ “ಹಿಂಸೆ” ಎಂದು ತೀರ್ಪು ಕೊಡುವುದು ಅಹಿಂಸೆಯಲ್ಲ, ಆಲಸ್ಯ.

ತತ್ತ್ವಾರ್ಥ ಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಪ್ರಮಾದದಿಂದ ಪ್ರಾಣಗಳಿಗೆ ಒದಗುವ ಘಾತವೇ ಹಿಂಸೆ. ಹಾಗಿದ್ದಲ್ಲಿ ವಿಚಾರಿಸದೆ, ತಿಳಿಯದೆ, ತಿಳಿಯಲೊಲ್ಲದೆ ಒಂದು ಎಳೆಯ ಜೀವದ ಚಿಕಿತ್ಸೆಯನ್ನು ತಡೆಯುವುದು ಯಾವ ಪಟ್ಟಿಗೆ ಸೇರುತ್ತದೆ? ವರ್ಷಕ್ಕೆ ಮೂರು ನಾಲ್ಕು ಬಾರಿ ಮಾತ್ರ ಮುಟ್ಟಾಗುವ ಸ್ಥಿತಿ ವರ್ಷಗಟ್ಟಲೆ ಮುಂದುವರಿದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ, ಕಾಲಾಂತರದಲ್ಲಿ ಅಲ್ಲಿ ಅರ್ಬುದದ ಅಪಾಯ ಹೆಚ್ಚುತ್ತದೆ. ಮಧುಮೇಹವು ಇಂಥವರನ್ನು ಇತರರಿಗಿಂತ ಬೇಗ ಹಿಡಿಯುತ್ತದೆ. ಗರ್ಭಧಾರಣೆ ಕಠಿನವಾಗುತ್ತದೆ. ಮನಸ್ಸು ಕುಗ್ಗುತ್ತದೆ. ಇರುವೆಗೆ ದಾರಿ ಬಿಟ್ಟು ನಡೆಯುವ ಕಾಲು ಮನೆಯ ಮಗಳ ಮೇಲೆ ನಡೆದುಹೋಗುವುದನ್ನು ಅಹಿಂಸೆಯೆಂದು ಕರೆಯಲಾಗದು.

ಎರಡನೆಯ ಆಕ್ಷೇಪ ವ್ರತದ್ದು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು ರಾತ್ರಿಯ ಮಾತ್ರೆಯನ್ನು ಹೇಗೆ ನುಂಗುವುದು? ವೈದ್ಯರ ಚೀಟಿಯಲ್ಲಿ ರಾತ್ರಿ ಎಂದು ಬರೆದಿರುವುದು ಕತ್ತಲೆಯನ್ನು ಉದ್ದೇಶಿಸಿ ಅಲ್ಲ, ಊಟವನ್ನು ಉದ್ದೇಶಿಸಿ. ಈ ಮಾತ್ರೆಯನ್ನು ಊಟದೊಡನೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಹೊಟ್ಟೆ ತೊಳಸುತ್ತದೆ. ಅನಸ್ತಮಿತ ವ್ರತವುಳ್ಳ ಮನೆಯಲ್ಲಿ ಸಂಜೆಯ ಊಟ ಆರು ಗಂಟೆಗೆ ಮುಂಚೆ ಆಗುತ್ತದೆಯೆಂದು ವೈದ್ಯರಿಗೆ ಹೇಳಿದರೆ ಮಾತ್ರೆಯೂ ಅದೇ ಹೊತ್ತಿಗೆ ಬರುತ್ತದೆ. ವ್ರತಕ್ಕೆ ಕೂದಲೆಳೆಯಷ್ಟೂ ಭಂಗವಿಲ್ಲ. ಅಷ್ಟಮಿ ಚತುರ್ದಶಿಗಳ ಏಕಾಶನಕ್ಕೂ ಇದೇ ರೀತಿ, ಆ ಒಂದು ಊಟದೊಡನೆ ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ಮೊದಲೇ ಕೇಳಿಕೊಂಡರಾಯಿತು. ನಿರ್ಜಲ ಉಪವಾಸದ ವಿಷಯ ಮಾತ್ರ ಬೇರೆ. ಮೆಟ್‌ಫಾರ್ಮಿನ್ ಒಂದರಿಂದಲೇ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ. ಆದರೆ ನೀರಿಲ್ಲದೆ ಶರೀರ ಬತ್ತಿದಾಗ, ವಾಂತಿ ಭೇದಿಯಾದಾಗ, ಮೂತ್ರಪಿಂಡಗಳು ದುರ್ಬಲವಾಗಿದ್ದಾಗ ಈ ಔಷಧ ರಕ್ತದಲ್ಲಿ ಆಮ್ಲವನ್ನು ಹೆಚ್ಚಿಸುವ ಅಪಾಯವುಂಟು. ಆದುದರಿಂದ ಅಂಥ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳುವುದು ಅನಿವಾರ್ಯ. ವೈದ್ಯರು ಬೇಡವೆಂದರೆ ಬಿಡುವುದೇ ಧರ್ಮ. ಶಕ್ತಿಯನ್ನು ಮೀರಿ ಮಾಡುವ ತಪಸ್ಸನ್ನು ಆಚಾರ್ಯರು ಎಲ್ಲಿಯೂ ವಿಧಿಸಿಲ್ಲ, ಶಕ್ತಿಯನ್ನು ಅರಿತು ಮಾಡುವ ತಪಸ್ಸನ್ನೇ ಷೋಡಶ ಭಾವನೆಗಳಲ್ಲಿ ಎಣಿಸಿದ್ದಾರೆ.

ಮೂರನೆಯದು ಕರ್ಮದ ಆಕ್ಷೇಪ. ರೋಗ ಅಸಾತಾ ವೇದನೀಯದ ಉದಯ, ಅದನ್ನು ಅನುಭವಿಸಿಯೇ ತೀರಿಸಬೇಕು, ಔಷಧವೇಕೆ ಎನ್ನುವವರಿದ್ದಾರೆ. ಇವರು ತಮ್ಮ ಎದೆ ನೋವು ಬಂದಾಗ ಕರ್ಮೋದಯವೆಂದು ಮಲಗುವುದಿಲ್ಲ. ಹೆದ್ದಾರಿಯಲ್ಲಿ ಬೆಂಗಳೂರಿಗೋ ದಾವಣಗೆರೆಗೋ ಕಾರು ಓಡಿಸುತ್ತಾರೆ. ಕರ್ಮಸಿದ್ಧಾಂತ ಇಷ್ಟು ಅಗ್ಗದ ಸರಕಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದಲೇ ಕರ್ಮ ಫಲ ಕೊಡುತ್ತದೆ. ರೋಗಕ್ಕೆ ಆಹಾರವಿಹಾರ ಹೇಗೆ ನಿಮಿತ್ತವೋ ಆರೋಗ್ಯಕ್ಕೆ ಔಷಧವೂ ಹಾಗೆಯೇ ನಿಮಿತ್ತ. ಸಮಂತಭದ್ರಾಚಾರ್ಯರ ಜೀವನಕಥೆಯೇ ಇದಕ್ಕೆ ಸಾಕ್ಷಿ. ಭಸ್ಮಕ ರೋಗದಿಂದ ಬಳಲಿ ಅವರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರೆಂದೂ, ಮುನಿವೇಷವನ್ನೇ ತಾತ್ಕಾಲಿಕವಾಗಿ ಬದಿಗಿಟ್ಟು ರೋಗವನ್ನು ಶಮನಮಾಡಿಕೊಂಡು ಮತ್ತೆ ದೀಕ್ಷೆಗೆ ಮರಳುವಂತೆ ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ಮುಂದೆ ಅದೇ ಆಚಾರ್ಯರು ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ಹೇಳುವಾಗ ಪ್ರತೀಕಾರವಿಲ್ಲದ ರೋಗವನ್ನು ಹೆಸರಿಸಿದರು. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡಬೇಕೆಂಬುದು ಅದರಲ್ಲಿಯೇ ಅಡಗಿದೆ. ಮಹಾವ್ರತಿಗೇ ಈ ವಿಧಿಯಾದರೆ ಗೃಹಸ್ಥನ ಮನೆಯ ಕನ್ಯೆಗೆ ಬೇರೆ ವಿಧಿ ಎಲ್ಲಿಂದ ಬಂತು?

ವೈದ್ಯಶಾಸ್ತ್ರ ಜೈನರಿಗೆ ಪರಕೀಯವೂ ಅಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಮದ್ಯ, ಮಾಂಸ, ಮಧುಗಳಿಲ್ಲದೆಯೂ ಚಿಕಿತ್ಸೆ ಸಾಧ್ಯವೆಂದು ಸಾಧಿಸಿದರು. ಕನ್ನಡದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ತಂದನು. ಇವರು ಯಾರೂ ಔಷಧ ಬೇಡವೆನ್ನಲಿಲ್ಲ, ಔಷಧದ ದ್ರವ್ಯವನ್ನು ಪರೀಕ್ಷಿಸಿ ಶುದ್ಧವಾದುದನ್ನು ಆಯ್ದುಕೊಳ್ಳಿರೆಂದರು. ಇಂದು ಅವರ ವಂಶಸ್ಥರೆನಿಸಿಕೊಳ್ಳುವವರು ಪರೀಕ್ಷೆಯನ್ನು ಬಿಟ್ಟು ನಿಷೇಧವನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ನಾಲ್ಕನೆಯ ಆಕ್ಷೇಪವನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ. ನಿಜವಾದ ಆಕ್ಷೇಪ ಅದೊಂದೇ, ಉಳಿದ ಮೂರು ಅದರ ಹೊದಿಕೆ. ಅದು ವಿವಾಹ. ತಾಲ್ಲೂಕು ಕೇಂದ್ರದ ಪೇಟೆಯಲ್ಲಿ ಔಷಧದ ಅಂಗಡಿಯವನಿಗೂ ಮುಖಪರಿಚಯ, ಅಂಗಡಿಗೆ ಬಂದ ಗಿರಾಕಿಗೂ ಮುಖಪರಿಚಯ. ಶುಗರ್ ಮಾತ್ರೆ ಯಾರಿಗೆ ಎಂಬ ಒಂದು ಪ್ರಶ್ನೆ ಸಾಯಂಕಾಲದೊಳಗೆ ನಾಲ್ಕು ಮನೆ ದಾಟುತ್ತದೆ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಿ, ರೋಗ ಮುಚ್ಚಿಟ್ಟು, ಲಗ್ನ ಮಾಡಿಕೊಡಲಾಗುತ್ತದೆ. ಲಗ್ನವಾದ ಎರಡು ವರ್ಷಕ್ಕೆ ಸಂತಾನವಿಲ್ಲವೆಂಬ ಅಪವಾದ ಅದೇ ಹುಡುಗಿಯ ತಲೆಗೆ ಬರುತ್ತದೆ. ಮುಚ್ಚಿಟ್ಟವರು ಹಿರಿಯರು, ತಲೆ ತಗ್ಗಿಸುವವಳು ಅವಳು. ಸತ್ಯಾಣುವ್ರತವನ್ನು ಅಂಗೀಕರಿಸಿದವರು ಕೂಟಲೇಖವನ್ನು ಅತಿಚಾರವೆಂದು ಬಲ್ಲರು. ಸುಳ್ಳು ಪತ್ರ ಬರೆಯುವುದು ಅತಿಚಾರವಾದರೆ ಸುಳ್ಳು ಜಾತಕದೊಡನೆ ಮೌನವನ್ನು ಲಗತ್ತಿಸಿ ಕೊಡುವುದು ಏನು? ವರನ ಕಡೆಯವರ ಪಾಲೂ ಇದರಲ್ಲಿ ಕಡಮೆಯಿಲ್ಲ. ತಮ್ಮ ಮಗನ ರಕ್ತದೊತ್ತಡವನ್ನು ಹೇಳದೆ ಹುಡುಗಿಯ ಮಾತ್ರೆಗಳ ಪಟ್ಟಿ ಕೇಳುವ ತಕ್ಕಡಿಗೆ ಒಂದೇ ತಟ್ಟೆ.

“ಹಿಂದೆ ಅಜ್ಜಿಯರ ಕಾಲದಲ್ಲಿ ಇದೆಲ್ಲ ಇತ್ತೇ?” ಎಂಬ ಮಾತನ್ನು ಇಲ್ಲಿ ಎಸೆಯುವುದುಂಟು. ರೋಗದ ವರ್ಣನೆ 1935ಕ್ಕೆ ಹೋಗುತ್ತದೆ. ಆ ಕಾಲದ ಹೆಂಗಸರಿಗೆ ಹೆಸರಿಲ್ಲದೆ ಇದ್ದುದು ರೋಗಕ್ಕೆ ಮಾತ್ರ, ಅವರಿಗೆ ಬಂಜೆ ಎಂಬ ಹೆಸರು ಸಿದ್ಧವಾಗಿಯೇ ಇತ್ತು. ಅವರ ಮೇಲೆ ಎರಡನೆಯ ಹೆಂಡತಿಯನ್ನು ತಂದ ಮನೆಗಳೂ ಇದ್ದವು. ಅಂಥ ಕಾಲವನ್ನು ಆರೋಗ್ಯದ ಕಾಲವೆಂದು ಕೊಂಡಾಡುವವರು ಹಳೆಯ ಖಾತೆಯಲ್ಲಿ ಬರೆಯದೆ ಬಿಟ್ಟ ಸಾಲವನ್ನು ಲಾಭವೆಂದು ತಿಳಿದವರು.

ಇಷ್ಟು ಹೇಳಿದ ಮೇಲೆ ಇನ್ನೊಂದು ತಟ್ಟೆಯನ್ನೂ ತೂಗುವುದು ನ್ಯಾಯ. ಮೆಟ್‌ಫಾರ್ಮಿನ್ ಅಮೃತವಲ್ಲ. ಈ ರೋಗವಿರುವ ಎಲ್ಲರಿಗೂ ಅದು ಬೇಕಿಲ್ಲ. ತಜ್ಞರ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ತೂಕ ಹೆಚ್ಚಿರುವವರಲ್ಲಿ, ಸಕ್ಕರೆ ಕೊಬ್ಬುಗಳ ಏರುಪೇರನ್ನು ಹತೋಟಿಗೆ ತರಲು, ಮುಖ್ಯವಾಗಿ ಇದನ್ನು ಸೂಚಿಸುತ್ತದೆ. ಮುಟ್ಟನ್ನು ಕ್ರಮಪಡಿಸಲು, ಮುಖದ ಕೂದಲನ್ನು ತಡೆಯಲು ಬೇರೆ ಔಷಧಗಳಿಗೆ ಮೊದಲ ಸ್ಥಾನ. ಸಂತಾನಕ್ಕಾಗಿ ಇದೊಂದನ್ನೇ ನಂಬುವಂತಿಲ್ಲ. ಅಮೆರಿಕದಲ್ಲಿ 626 ಸ್ತ್ರೀಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಲೋಮಿಫೀನ್ ಎಂಬ ಔಷಧ ಪಡೆದವರಲ್ಲಿ ಶೇಕಡ 22.5ರಷ್ಟು ಮಂದಿಗೆ ಮಗು ಜನಿಸಿದರೆ, ಮೆಟ್‌ಫಾರ್ಮಿನ್ ಮಾತ್ರ ಪಡೆದವರಲ್ಲಿ ಶೇಕಡ 7.2ರಷ್ಟು ಮಂದಿಗೆ ಜನಿಸಿತು. ಆದುದರಿಂದ ಪರೀಕ್ಷೆಯಿಲ್ಲದೆ, ಮಾತಿಲ್ಲದೆ, ಮೂರು ನಿಮಿಷದಲ್ಲಿ ಚೀಟಿ ಹರಿದುಕೊಡುವ ವೈದ್ಯರನ್ನು ಸಮರ್ಥಿಸಬೇಕಾಗಿಲ್ಲ. ಏಕೆ, ಎಷ್ಟು ಕಾಲ, ಏನು ನಿರೀಕ್ಷಿಸಬೇಕು ಎಂದು ಕೇಳುವುದು ಹುಡುಗಿಯ ಹಕ್ಕು. ಹಾಗೆಯೇ ಗಿಡಮೂಲಿಕೆಯೆಂಬ ಮಾತೊಂದನ್ನೇ ಬಂಡವಾಳ ಮಾಡಿಕೊಂಡು, ಮೂರು ತಿಂಗಳಲ್ಲಿ ಗುಳ್ಳೆ ಕರಗಿಸುವೆವೆಂದು ಪುಡಿ ಮಾರುವವರನ್ನು ಜಗಲಿ ಹತ್ತಿಸಬಾರದು. ಅವರ ಡಬ್ಬಿಯೊಳಗೆ ಏನಿದೆಯೆಂದು ಯಾವ ಹಿರಿಯರೂ ಕೇಳದಿರುವುದು ಆಶ್ಚರ್ಯ.

ಜೈನ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯಬೇಕಾದ ಒಂದು ಅಂಶವಿದೆ. ಈ ಮಾತ್ರೆಯನ್ನು ಬಹುಕಾಲ ಸೇವಿಸಿದರೆ ಶರೀರದಲ್ಲಿ ಬಿ-12 ಜೀವಸತ್ವ ಕುಂದುವುದುಂಟು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು 2022ರಲ್ಲಿ ಈ ಬಗ್ಗೆ ಎಚ್ಚರಿಸಿತು. ಸಸ್ಯಾಹಾರಿಗಳಿಗೆ ಬಿ-12 ದೊರೆಯುವುದೇ ಹಾಲು ಮೊಸರುಗಳಿಂದ. ಅದೂ ಕಡಮೆಯಾದ ಮನೆಯಲ್ಲಿ ಮೊದಲೇ ಕೊರತೆಯಿರುತ್ತದೆ. ಕೈಕಾಲು ಜೋಮು, ಆಯಾಸ, ರಕ್ತಹೀನತೆ ಕಂಡರೆ ಔಷಧವನ್ನು ಶಪಿಸುವ ಬದಲು ರಕ್ತ ಪರೀಕ್ಷಿಸಿ ಕೊರತೆ ತುಂಬಬೇಕು. ಆರಂಭದ ವಾರಗಳಲ್ಲಿ ಹೊಟ್ಟೆ ಕೆಡುವುದು ಸಾಮಾನ್ಯ. ಸಣ್ಣ ಪ್ರಮಾಣದಲ್ಲಿ, ಸಾಮಾನ್ಯವಾಗಿ 500 ಮಿಲಿಗ್ರಾಂನಿಂದ, ಆರಂಭಿಸಿ ನಿಧಾನವಾಗಿ ಏರಿಸುವ ಕ್ರಮ ಇರುವುದು ಅದಕ್ಕಾಗಿಯೇ. ಎರಡನೆಯ ದಿನವೇ ಬಿಡುವವರು ಔಷಧವನ್ನು ಪರೀಕ್ಷಿಸಿದಂತಾಗಲಿಲ್ಲ.

ಸಂಯಮದ ಪಾತ್ರವೂ ದೊಡ್ಡದು. ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಿತಾಹಾರ ಮತ್ತು ವ್ಯಾಯಾಮ ಮಧುಮೇಹವನ್ನು ಶೇಕಡ 58ರಷ್ಟು ತಗ್ಗಿಸಿದವು, ಮೆಟ್‌ಫಾರ್ಮಿನ್ ಶೇಕಡ 31ರಷ್ಟು ತಗ್ಗಿಸಿತು. ಆಹಾರಸಂಯಮವೇ ಮೇಲೆಂದು ವಾದಿಸುವವರಿಗೆ ಇದು ಸಂತೋಷದ ಸುದ್ದಿ. ಆದರೆ ಅವರು ತಮ್ಮ ಮನೆಯ ಪಂಕ್ತಿಯನ್ನು ಒಮ್ಮೆ ನೋಡಲಿ. ಹೊಸದುರ್ಗದ ಸೀಮೆಯಲ್ಲಿ ಸಾಮೆ ಬೆಳೆಯುತ್ತದೆ, ಜಿಲ್ಲೆಯಾದ್ಯಂತ ರಾಗಿ ಬೆಳೆಯುತ್ತದೆ. ಧಾನ್ಯದ ಮಂಡಿಯಲ್ಲಿ ಕುಳಿತು ಅವನ್ನು ಮಾರುವ ಮನೆಯವರು ಉಣ್ಣುವುದು ಪಾಲಿಷ್ ಮಾಡಿದ ಬಿಳಿ ಅಕ್ಕಿ, ಮೈದಾ, ಸಕ್ಕರೆ. ಉಪವಾಸದ ಮರುದಿನದ ಪಾರಣೆಯಲ್ಲಿ ನಾಲ್ಕು ಬಗೆಯ ಸಿಹಿ. ಮಗಳು ಬೆಳಗ್ಗೆ ಕೋಟೆಯ ದಾರಿಯಲ್ಲಿ ಒಂದು ಗಂಟೆ ನಡೆದುಬರುತ್ತೇನೆಂದರೆ ಜನ ಏನೆಂದಾರು ಎಂಬ ತಡೆ. ನಡೆಯಗೊಡದೆ, ಊಟ ಬದಲಿಸದೆ, ಮಾತ್ರೆಯನ್ನೂ ಕೊಡದೆ “ಸಂಯಮದಿಂದ ಗುಣವಾಗಲಿ” ಎನ್ನುವುದು ಕೈಕಾಲು ಕಟ್ಟಿ ವಾಣಿವಿಲಾಸ ಸಾಗರಕ್ಕೆ ನೂಕಿ ಈಜೆಂದು ಹರಸಿದಂತೆ. ಸಂಯಮವೂ ಔಷಧವೂ ಸವತಿಯರಲ್ಲ. ಎರಡೂ ಬೇಕಾದಲ್ಲಿ ಎರಡೂ ಇರಬೇಕು.

ಇಲ್ಲಿ ಬಸದಿ ಮತ್ತು ಮಂದಿರಗಳ ಟ್ರಸ್ಟುಗಳ ಹೊಣೆಯೂ ಇದೆ. ಶಿಖರಕ್ಕೆ ಕಲಶ, ನೆಲಕ್ಕೆ ಗ್ರಾನೈಟು, ಪಂಚಕಲ್ಯಾಣಕ್ಕೆ ಚಪ್ಪರ ಇವುಗಳಿಗೆ ದಾನಿಗಳ ಹೆಸರು ಕೆತ್ತಿಸುವ ಟ್ರಸ್ಟುಗಳು ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಔಷಧ ದಾನವೆಂಬ ಬಾಬ್ತಿನ ಎದುರು ಎಷ್ಟು ಬರೆದಿವೆಯೆಂದು ಒಮ್ಮೆ ತೆರೆದು ನೋಡಲಿ. ಮಾಡಬೇಕಾದುದು ಕಷ್ಟದ್ದಲ್ಲ, ದುಬಾರಿಯದೂ ಅಲ್ಲ. ಮೆಟ್‌ಫಾರ್ಮಿನ್ ರಾಷ್ಟ್ರೀಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿರುವ ಅಗ್ಗದ ಮಾತ್ರೆ, ಜನೌಷಧಿ ಕೇಂದ್ರಗಳಲ್ಲಿಯೂ ದೊರೆಯುತ್ತದೆ. ಮೊದಲನೆಯದಾಗಿ, ಸಾಮಾನ್ಯ ಔಷಧಗಳ ಬಗ್ಗೆ ಕಂಪನಿಗಳಿಗೆ ಪತ್ರ ಬರೆದು, ಪ್ರಾಣಿಜನ್ಯ ದ್ರವ್ಯವಿಲ್ಲವೆಂದು ಲಿಖಿತವಾಗಿ ತಿಳಿಸಿದವುಗಳ ಪಟ್ಟಿಯನ್ನು ಟ್ರಸ್ಟುಗಳು ಸಿದ್ಧಪಡಿಸಿ ಸೂಚನಾಫಲಕದಲ್ಲಿ ಹಾಕಲಿ. ಎರಡನೆಯದಾಗಿ, ಪರ್ವದ ದಿನಗಳಿಗೆ ಮುನ್ನ ಒಬ್ಬ ಸ್ತ್ರೀವೈದ್ಯರನ್ನು ಕರೆಸಿ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಉಪವಾಸ ಮತ್ತು ಔಷಧಗಳ ಬಗ್ಗೆ ಮಾತನಾಡಿಸಲಿ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಉಳಿದ ಮೂರು ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ವೈದ್ಯರು ಸಿಗದ ಪ್ರದೇಶವೇನೂ ಇದಲ್ಲ. ಮೂರನೆಯದಾಗಿ, ವೈದ್ಯರ ಸಲಹೆಯಂತೆ ಉಪವಾಸ ಬಿಟ್ಟವರನ್ನು ವ್ರತಭ್ರಷ್ಟರೆಂದು ಪಿಸುಗುಟ್ಟುವ ಬಾಯಿಗಳನ್ನು ಪ್ರವಚನಪೀಠದಿಂದಲೇ ಮುಚ್ಚಿಸಲಿ. ನಾಲ್ಕನೆಯದಾಗಿ, ವಧೂವರ ಮೇಳ ನಡೆಸುವವರು ಇಬ್ಬರ ಆರೋಗ್ಯವನ್ನೂ ಸಮವಾಗಿ, ಇಬ್ಬರ ಒಪ್ಪಿಗೆಯಿಂದ, ಇಬ್ಬರ ನಡುವೆಯೇ ತಿಳಿಸುವ ಪದ್ಧತಿಯನ್ನು ತರಲಿ. ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು ಅಳತೆ ಇಡುವುದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿಯೇ ಎಣಿಸಿದೆಯೆಂಬುದನ್ನು ವರ್ತಕರಿಗೆ ಬೇರೆ ಹೇಳಬೇಕಾಗಿಲ್ಲ.

ಒಟ್ಟಿನಲ್ಲಿ ಧರ್ಮದ ಹೆಸರಿನಿಂದ ಈ ಮಾತ್ರೆಯನ್ನು ತಡೆಯಲು ಒಂದು ಕಾರಣವೂ ನಿಲ್ಲುವುದಿಲ್ಲ. ದ್ರವ್ಯ ಶುದ್ಧವಿದೆ, ವ್ರತಕ್ಕೆ ಭಂಗವಿಲ್ಲ, ಕರ್ಮಸಿದ್ಧಾಂತ ಅಡ್ಡಬರುವುದಿಲ್ಲ, ಆಚಾರ್ಯರು ಔಷಧವನ್ನು ದಾನವೆಂದೇ ಕರೆದಿದ್ದಾರೆ. ಉಳಿಯುವುದು ಲೋಕಾಪವಾದದ ಭಯವೊಂದೇ. ಆ ಭಯವನ್ನು ಧರ್ಮವೆಂದು ಕರೆಯುವುದನ್ನು ನಿಲ್ಲಿಸಬೇಕು. ಔಷಧ ಬೇಕೇ ಬೇಡವೇ ಎಂಬುದನ್ನು ವೈದ್ಯರೂ ಆ ಹುಡುಗಿಯೂ ನಿರ್ಧರಿಸಲಿ. ಮನೆಯ ಹಿರಿಯರ ಪಾಲಿಗೆ ಉಳಿದಿರುವ ಕೆಲಸ ಬಹಳ ಸಣ್ಣದು. ನಾಳೆ ಬೆಳಗ್ಗೆ ಮಗಳು ತಂದೆಯ ತಟ್ಟೆಯ ಪಕ್ಕದಲ್ಲಿ ನೀರು ಮತ್ತು ಮಾತ್ರೆಯನ್ನು ತಂದಿಟ್ಟಾಗ, ತಂದೆಯು ಇನ್ನೊಂದು ಲೋಟ ನೀರನ್ನು ತನ್ನ ಕೈಯಾರೆ ತುಂಬಿ ಅವಳ ಮುಂದಿಡಲಿ. ಔಷಧ ದಾನ ಅಲ್ಲಿಂದ ಆರಂಭವಾಗಲಿ.